ಬನಶಂಕರಿಯ ಕೌಂಟರಿನಲ್ಲಿ ತಿರುಗುತ್ತಿದ್ದ ಚಕ್ರ

ಹೋದ ತಿಂಗಳು ಥೈರಾಯ್ಡ್ ಪರೀಕ್ಷೆಗೆಂದು ಬನಶಂಕರಿಯ ಒಂದು ಲ್ಯಾಬಿಗೆ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ಒಳಗೆ ಸ್ಪಿರಿಟ್ಟಿನ ವಾಸನೆ, ಅದರ ಮೇಲೆ ಫಿನಾಯಿಲು, ಅದರ ಮೇಲೆ ಮೂಲೆಯ ಬಕೆಟ್ಟಿನಲ್ಲಿ ನಿಲ್ಲಿಸಿದ್ದ ಒದ್ದೆ ಛತ್ರಿಗಳ ಮುಗ್ಗಲು. ಕೌಂಟರಿನ ಹುಡುಗಿ ನನ್ನ ಹೆಸರು ಟೈಪ್ ಮಾಡಿ, ಪರದೆಯಿಂದ ಕಣ್ಣು ಕೀಳದೆ, "ಸರ್ವರ್ ಸ್ಲೋ ಇದೆ ಮೇಡಂ, ಸ್ವಲ್ಪ ಕೂತ್ಕೊಳಿ" ಅಂದಳು. ಕೂತೆ. ಉಳಿದವರೆಲ್ಲ ಮೊಬೈಲಿಗೆ ತಲೆ ಬಗ್ಗಿಸಿ ಆರಾಮಾಗಿ ಕಾಯುತ್ತಿದ್ದರು. ನನಗೆ ಮಾತ್ರ ಹೆಗಲ ಮೇಲೆ ಯಾರೋ ಒದ್ದೆ ಕಂಬಳಿ ಹಾಕಿದ ಹಾಗಾಯಿತು. ಆ ವಾಸನೆಯೂ ಆ ಮಾತೂ ಒಟ್ಟಿಗೆ ಸೇರಿದರೆ ನನಗೆ ನೆನಪಾಗುವುದು ಒಂದೇ ಒಂದು ಮಳೆಗಾಲ.

ಆಗ ನಾವು ಬಿಟಿಎಂ ಲೇಔಟಿನಲ್ಲಿ ಮಹಡಿ ಮೇಲಿನ ಒಂದು ಸಣ್ಣ ಮನೆಯಲ್ಲಿದ್ದೆವು. ಗದಗಿನಿಂದ ಬಂದು ಎರಡು ವರ್ಷ ಆಗಿರಬೇಕು. ಅಮೆರಿಕದಲ್ಲಿ ಬ್ಯಾಂಕುಗಳು ಬಿದ್ದ ಮರುವರ್ಷ ಅದು. ಅಲ್ಲಿ ಬಿದ್ದದ್ದರ ಸದ್ದು ಬೆಂಗಳೂರಿಗೆ ಸ್ವಲ್ಪ ತಡವಾಗಿಯೇ ಕೇಳಿಸಿತು. ನನ್ನ ಗಂಡ ವಿರೂಪಾಕ್ಷನ ಕಂಪನಿ ಹೊಸೂರು ರಸ್ತೆಯಲ್ಲಿತ್ತು. ಒಂದು ಶುಕ್ರವಾರ ಎಲ್ಲರನ್ನೂ ಒಂದು ಹಾಲಿನಲ್ಲಿ ಕೂರಿಸಿ ಕಾಫಿ ಕೊಟ್ಟರಂತೆ. ಕಾಫಿ ಮುಗಿಯುವಷ್ಟರಲ್ಲಿ ಅರ್ಧ ಜನರಿಗೆ ಕೆಲಸ ಇರಲಿಲ್ಲ. ಅಂದಿನಿಂದ ಅವನು ಮನೆಯಲ್ಲಿದ್ದ. ಬೆಳಿಗ್ಗೆ ಪೇಪರು ಓದುತ್ತಿದ್ದ, ಮಧ್ಯಾಹ್ನ ಅರ್ಜಿ ಹಾಕುತ್ತಿದ್ದ, ಸಂಜೆ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದ. ನಾವಿಬ್ಬರೂ ಜಗಳ ಆಡುತ್ತಿರಲಿಲ್ಲ. ಅದಕ್ಕೆ ಬೇಕಾದ ಕಸುವು ಇಬ್ಬರಲ್ಲೂ ಉಳಿದಿರಲಿಲ್ಲ.

ನನ್ನ ಆಫೀಸು ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಒಂದು ಬ್ಲೌಸ್ ಪೀಸ್ ಅಂಗಡಿಯ ಮೇಲೆ. ಶ್ರೀಧರ್ ಅಂತ ಒಬ್ಬರು ನಡೆಸುತ್ತಿದ್ದರು. ಸಣ್ಣಪುಟ್ಟ ಸಂಸ್ಥೆಗಳಿಗೆ ವೆಬ್‌ಸೈಟು, ಬಿಲ್ಲಿಂಗು, ಏನು ಬೇಕೋ ಅದು. ಒಂದು ಕಾಲಕ್ಕೆ ಕುರ್ಚಿ ಸಾಲದಷ್ಟು ಜನ ಇದ್ದೆವು. ಆ ಮಳೆಗಾಲದ ಹೊತ್ತಿಗೆ ಶ್ರೀಧರ್, ನಾನು ಮತ್ತು ಖಾಲಿ ಕುರ್ಚಿಗಳು. ಗಿರಾಕಿಗಳೂ ಒಬ್ಬೊಬ್ಬರಾಗಿ ಜಾರಿ, ಕೊನೆಗೆ ಕೈಯಲ್ಲಿ ನಿಂತದ್ದು ಬನಶಂಕರಿಯ ಒಂದು ಧರ್ಮಾರ್ಥ ರಕ್ತನಿಧಿ ಮಾತ್ರ.

ನಾವು ಅವರಿಗೆ ಮಾಡಿಕೊಟ್ಟಿದ್ದ ಪೇಜು ತುಂಬ ಸರಳ. ಆಸ್ಪತ್ರೆಯಿಂದ ಚೀಟಿ ಹಿಡಿದು ಜನ ಬರುತ್ತಾರೆ. ಕೌಂಟರಿನಲ್ಲಿ ರಕ್ತದ ಗುಂಪು ಹಾಕಿ 'ಹುಡುಕು' ಅಂತ ಒತ್ತಿದರೆ, ಆ ಗುಂಪಿನ ರಕ್ತ ಅಲ್ಲಿದೆಯೋ, ಇವರದೇ ಬೇರೆ ಶಾಖೆಯಲ್ಲಿದೆಯೋ, ಯಾವಾಗ ತೆಗೆದದ್ದು, ಎಲ್ಲ ಬರಬೇಕು. ಇಡೀ ಪೇಜು ಮತ್ತೆ ತೆರೆದುಕೊಳ್ಳದೆ, ಇದ್ದಲ್ಲೇ ಹಿಂಬದಿಯಿಂದ ಸರ್ವರನ್ನು ಕೇಳಿ ಉತ್ತರ ತಂದು ತುಂಬಿಸುವ ವಿಧಾನ ಆಗ ಎಲ್ಲರಿಗೂ ಹುಚ್ಚು ಹಿಡಿಸಿತ್ತು. ನಾವೂ ಹಾಗೇ ಮಾಡಿದ್ದೆವು. ಉತ್ತರ ಬರುವ ತನಕ ಪರದೆಯ ನಡುವೆ ಒಂದು ಪುಟ್ಟ ಚಕ್ರ ತಿರುಗುತ್ತಿರುತ್ತದೆ. ನಮ್ಮ ಆಫೀಸಿನಲ್ಲಿ ಆ ಚಕ್ರ ಕಣ್ಣಿಗೆ ಬೀಳುವ ಮೊದಲೇ ಮಾಯವಾಗುತ್ತಿತ್ತು. ಬನಶಂಕರಿಯಲ್ಲಿ ತಿರುಗುತ್ತಲೇ ಇರುತ್ತಿತ್ತು.

ಜೂನ್ ಹೊತ್ತಿಗೆ ದೂರುಗಳು ಶುರುವಾದವು. ಶ್ರೀಧರ್ ಮೊದಲು, "ಅವರ ನೆಟ್ ಸರಿ ಇಲ್ಲ ಶೈಲಾ" ಅಂದರು. ನೆಟ್ಟಿನವನು ಬಂದು ನೋಡಿ ಸರಿಯಿದೆ ಅಂದ. ರಕ್ತನಿಧಿಯ ಮ್ಯಾನೇಜರ್ ರಘುನಾಥ್ ಅವರದು ಇನ್ನೊಂದು ತೀರ್ಮಾನ. ಫೋನಿನಲ್ಲಿ ನನಗೇ ಹೇಳಿದರು: "ನಮ್ ಕೌಂಟರಮ್ಮಂಗೆ ಕಂಪ್ಯೂಟರ್ ಬರಲ್ಲ ಮೇಡಂ. ಹಳೇ ಕಾಲದೋರು. ಒಂದ್ ಸಲ ಒತ್ತೋ ಕಡೆ ನಾಕ್ ಸಲ ಒತ್ತುತ್ತಾರೆ. ನೀವೇ ಬಂದು ಸ್ವಲ್ಪ ಟ್ರೈನಿಂಗ್ ಕೊಟ್ಬಿಡಿ."

ಹೀಗೆ ನಾನು ಬನಶಂಕರಿಗೆ ಹೋಗತೊಡಗಿದೆ. ಬಿಟಿಎಂನಿಂದ ಬಸ್ಸು, ಜಯದೇವದ ಹತ್ತಿರ ನಿಂತ ನೀರು, ಆರ್.ವಿ. ರಸ್ತೆಯ ಕಡೆ ಮೆಟ್ರೋಗೆ ಕಡಿಯಲಿದ್ದ ಮರಗಳ ಬಗ್ಗೆ ಬಸ್ಸಿನಲ್ಲಿ ದಿನಾ ವಾದ. ಸೀಟು ಸಿಕ್ಕರೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುತ್ತಿದ್ದೆ. ಇಳಿಯುವ ಜಾಗ ಬಂದಾಗ ಕಂಡಕ್ಟರೇ, "ಮೇಡಂ, ಬನಶಂಕರಿ" ಅಂತ ಎಬ್ಬಿಸುವಷ್ಟು ಅಭ್ಯಾಸವಾಯಿತು.

ಕೌಂಟರಮ್ಮನ ಹೆಸರು ವನಜಾಕ್ಷಿ. ನಲವತ್ತೈದು ದಾಟಿದ ಹೆಂಗಸು, ಬಿಗಿಯಾಗಿ ಹೆಣೆದ ಜಡೆ, ಸೆರಗಿಗೆ ಎರಡು ಪಿನ್ನು. ತಲಘಟ್ಟಪುರದಿಂದ ಬರುತ್ತಿದ್ದರು. ಈ ಕೆಲಸಕ್ಕೆ ಮುಂಚೆ ಬಹಳ ವರ್ಷ ಜಯನಗರದಲ್ಲಿ ಒಂದು ಎಸ್‌ಟಿಡಿ ಬೂತು ನೋಡಿಕೊಳ್ಳುತ್ತಿದ್ದರಂತೆ. ಮೊಬೈಲು ಬಂದು ಬೂತು ಮುಚ್ಚಿತು. ನಾನು ಪಕ್ಕ ಕುರ್ಚಿ ಎಳೆದುಕೊಂಡು ಕೂತಾಗ ಅವರು ನನ್ನ ಕಡೆ ತಿರುಗಲೂ ಇಲ್ಲ.

"ನನಗೆ ಮೌಸ್ ಹಿಡಿಯೋದು ಕಲ್ಸಕ್ ಬಂದ್ರಾ?"

"ಇಲ್ಲ ವನಜಾಕ್ಷಿಯವ್ರೆ. ಯಾಕೆ ತಡ ಆಗತ್ತೆ ಅಂತ ನೋಡಾಕ ಬಂದೀನಿ."

ಗಾಬರಿಯಾದಾಗ ನನ್ನ ಬಾಯಲ್ಲಿ ಗದಗು ಬಂದುಬಿಡುತ್ತದೆ. ಅದಕ್ಕೇ ಇರಬೇಕು, ಅವರ ಮುಖ ಸ್ವಲ್ಪ ಸಡಿಲಾಯಿತು.

"ನೋಡಿ, ಚೆನ್ನಾಗ್ ನೋಡಿ" ಅಂದು, ಒಬ್ಬರ ಚೀಟಿ ತೆಗೆದುಕೊಂಡು ಗುಂಪು ಹಾಕಿ ಒಂದೇ ಒಂದು ಸಲ ಒತ್ತಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡರು. ಚಕ್ರ ತಿರುಗತೊಡಗಿತು. ಚೀಟಿ ತಂದ ಮುದುಕ ಒಂದು ಸಲ ಕೆಮ್ಮಿದ. ಹಿಂದಿನವನು ಮುಂದೆ ಬಗ್ಗಿ ನೋಡಿದ. ಆಮೇಲೆ ಅವನ ಹಿಂದಿನವನೂ ನೋಡಿದ. ಚಕ್ರ ತಿರುಗುತ್ತಲೇ ಇತ್ತು. ಕೊನೆಗೆ ಉತ್ತರ ಬಂದಾಗ ವನಜಾಕ್ಷಿಯವರು ನನ್ನನ್ನು ನೋಡಿದರು.

ಅವರ ಕೈಯಲ್ಲಿ ತಪ್ಪಿರಲಿಲ್ಲ. ಅಷ್ಟು ಮೊದಲ ದಿನವೇ ಗೊತ್ತಾಯಿತು. ಯಾರದು ಅನ್ನುವುದು ಮಾತ್ರ ತಿಳಿಯಲಿಲ್ಲ.

ಆ ಕೌಂಟರಿನ ಕಂಪ್ಯೂಟರುಗಳು ಯಾರೋ ದಾನ ಕೊಟ್ಟ ಹಳೆಯವು. ಒಳಗೆ ಇದ್ದದ್ದು ಆ ನೀಲಿ 'ಇ' ಗುರುತಿನ ಹಳೆಯ ಬ್ರೌಸರು. ಹೊಸ ಬ್ರೌಸರ್ ಹಾಕಿದರೆ ಬಹುಶಃ ಎಲ್ಲ ಸರಿಹೋಗುತ್ತಿತ್ತು. ಆದರೆ ರಕ್ತದ ಚೀಲಕ್ಕೆ ಅಂಟಿಸುವ ಲೇಬಲ್ಲು ಮುದ್ರಿಸುವ ತಂತ್ರಾಂಶ ಆ ಹಳೆಯದರೊಳಗೆ ಮಾತ್ರ ಓಡುತ್ತಿತ್ತು, ಅದನ್ನು ಮಾಡಿಕೊಟ್ಟ ಕಂಪನಿ ಮುಚ್ಚಿಹೋಗಿತ್ತು. ಲೇಬಲ್ ಇಲ್ಲದ ಚೀಲ ಯಾರಿಗೂ ಕೊಡುವಂತಿಲ್ಲ. ಹಾಗಾಗಿ ಹಳೆಯದರ ಜೊತೆಗೇ ಬಾಳಬೇಕು.

ನನಗೆ ಮೊದಲು ಅನುಮಾನ ಬಂದದ್ದು ಪರದೆಯ ಮೇಲೆ ಪಟ್ಟಿ ಬರೆಯುವ ರೀತಿಯ ಮೇಲೆ. ಆ ಹಳೆಯ ಬ್ರೌಸರು ಉದ್ದನೆಯ ಪಟ್ಟಿಯನ್ನು ಸಾಲುಸಾಲಾಗಿ ಸೇರಿಸುವಾಗ ಏದುಸಿರು ಬಿಡುತ್ತದೆ. ಅದನ್ನೆಲ್ಲ ಒಂದೇ ಏಟಿಗೆ ಬರೆಯುವಂತೆ ತಿದ್ದಿದೆ. ಒಂದಿಷ್ಟು ಲಾಭವಾಯಿತು, ನಿಜ. ಅಂದು ಸಂಜೆ ಶ್ರೀಧರ್ ಅವರಿಗೆ, "ಸ್ವಲ್ಪ ಪರವಾಗಿಲ್ಲ ಸಾರ್, ಆದ್ರೆ ಇನ್ನೂ ನೋಡ್ಬೇಕು" ಅಂದೆ. ಅವರು ಮೊದಲರ್ಧ ಮಾತ್ರ ಕೇಳಿಸಿಕೊಂಡರೋ, ಅಥವಾ ಕೊನೆಯ ಗಿರಾಕಿಯನ್ನು ಉಳಿಸಿಕೊಳ್ಳುವ ಆತುರವೋ, ಸಮಸ್ಯೆ ಬಗೆಹರಿದಿದೆ ಎಂದು ರಕ್ತನಿಧಿಗೆ ಮೇಲ್ ಕಳಿಸಿಬಿಟ್ಟರು.

ಅದರ ಪೆಟ್ಟು ಬಿದ್ದದ್ದು ವನಜಾಕ್ಷಿಯವರಿಗೆ. ಮಾರನೆಯ ದಿನವೂ ಚಕ್ರ ಹಾಗೇ ತಿರುಗುತ್ತಿತ್ತು. ರಘುನಾಥ್ ಕೌಂಟರಿನ ಹಿಂದೆ ಬಂದು ನಿಂತು, ಕಾಯುತ್ತಿದ್ದವರಿಗೆಲ್ಲ ಕೇಳುವಂತೆ, "ಸಾಫ್ಟ್‌ವೇರ್ ಸರಿ ಮಾಡಿದ್ದಾರೆ, ಬರೆದು ಕಳಿಸಿದ್ದಾರೆ. ಈಗೇನ್ ಹೇಳ್ತೀರಾ?" ಅಂದರು. "ಸಾರ್, ಇನ್ನೂ ಸರಿ ಹೋಗಿಲ್ಲ, ನಾನೇ ಹೇಳ್ತಿದೀನಲ್ಲ" ಅಂತ ನಾನು ಎದ್ದು ನಿಂತೆ. ಅವರು ನನ್ನ ಕಡೆ ನಕ್ಕು, "ನೀವು ಒಳ್ಳೆಯೋರು ಮೇಡಂ, ಅವರನ್ನ ಕಾಪಾಡ್ತೀರಾ" ಅಂದು ಒಳಗೆ ಹೋದರು. ವನಜಾಕ್ಷಿಯವರು ಮುಂದಿನ ಚೀಟಿಗೆ ಕೈ ಚಾಚಿದರು.

ಆ ವಾರದ ಕೊನೆಗೆ ಒಂದು ಮಧ್ಯಾಹ್ನ ಜೋರು ಮಳೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಒಬ್ಬ ಯುವಕ ಒಳಗೆ ಓಡಿ ಬಂದ. ಅಂಗಿ ಮೈಗೆ ಅಂಟಿತ್ತು, ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದ. ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ, ಒ ನೆಗೆಟಿವ್ ಬೇಕು. ಬನಶಂಕರಿಯ ಫ್ರಿಜ್ಜಿನಲ್ಲಿ ಆ ಗುಂಪು ಬೆಳಿಗ್ಗೆಯೇ ಖಾಲಿಯಾಗಿತ್ತು. ಬೇರೆ ಶಾಖೆಯಲ್ಲಿದೆಯೇ ಅನ್ನುವುದನ್ನು ಪೇಜು ಹೇಳಬೇಕು. ವನಜಾಕ್ಷಿಯವರು ಒತ್ತಿದರು. ಚಕ್ರ ತಿರುಗಿತು. ಅವರು ಒಂದು ಕ್ಷಣವೂ ಸುಮ್ಮನೆ ಕೂರದೆ ಫೋನೆತ್ತಿ ಶಾಖೆಗಳಿಗೆ ಒಂದೊಂದಾಗಿ ಡಯಲ್ ಮಾಡತೊಡಗಿದರು. ಒಂದು ಎಂಗೇಜು, ಇನ್ನೊಂದು ಎತ್ತುವವರಿಲ್ಲ.

"ಅಮ್ಮಾ, ಬೇಗ ಒತ್ತಮ್ಮಾ! ಏನ್ ಮಾಡ್ತಿದೀಯಾ?" ಆತ ಕೌಂಟರಿನ ಗಾಜಿಗೆ ಅಂಗೈಯಲ್ಲಿ ಬಡಿದ. "ಅಲ್ಲಿ ಸಾಯ್ತಾ ಇದಾಳೆ, ನೀನಿಲ್ಲಿ ಫೋನಲ್ಲಿ ಮಾತಾಡ್ತಾ ಇದೀಯಾ!"

"ಒಂದ್ನಿಮಿಷ ಇರಪ್ಪಾ. ನಿನಗೋಸ್ಕರಾನೇ ಮಾಡ್ತಾ ಇರೋದು."

ಪೇಜು ಬಂತು. ಜಯನಗರದ ಶಾಖೆಯಲ್ಲಿ ಇತ್ತು. ವನಜಾಕ್ಷಿಯವರು ಚೀಟಿಯ ಹಿಂದೆ ವಿಳಾಸ ಬರೆದು, ಮಳೆಗೆ ಹೊರಗೆ ಹೋಗಿ ತಾವೇ ಆಟೋ ನಿಲ್ಲಿಸಿ ಆತನನ್ನು ಹತ್ತಿಸಿದರು. ತೊಯ್ದು ಒಳಬಂದು, ಸೆರಗಿನ ತುದಿ ಹಿಂಡಿ, ಮುಂದಿನವರ ಚೀಟಿ ತೆಗೆದುಕೊಂಡರು. ಮಾರನೆಯ ದಿನ ಆಸ್ಪತ್ರೆಗೆ ಫೋನು ಮಾಡಿ ಕೇಳಿದರು. ತಾಯಿ ಉಳಿದಿದ್ದಳು, ಮಗುವೂ ಚೆನ್ನಾಗಿತ್ತು. "ಹೆಣ್ಣು ಮಗುವಂತೆ" ಅಂದರು ನನಗೆ, ಫೋನು ಇಡುತ್ತ. ಅಷ್ಟರಲ್ಲಿ ಅವರಿಗೆ ಮ್ಯಾನೇಜರರಿಂದ ಕರೆ ಬಂದಿತ್ತು. ಗಾಜು ಬಡಿದ ಸದ್ದು ಒಳಗಿನ ಕೋಣೆಗೆ ಕೇಳಿಸಿತ್ತು. ಸಾರ್ವಜನಿಕರೊಂದಿಗೆ ಸಮಾಧಾನದಿಂದ ವರ್ತಿಸದೆ ತಡ ಮಾಡಿದ್ದಕ್ಕೆ, ತಿಂಗಳ ಕೊನೆಗೆ ಕೆಲಸ ಬಿಡಬೇಕು.

ಅಂದು ಮನೆಗೆ ಹೋದಾಗ ಕೊಡೆ ಮುರಿದಿತ್ತು, ಚಪ್ಪಲಿಯೊಳಗೆ ಕೆಸರು. ವಿರೂಪಾಕ್ಷ ಟವೆಲ್ಲು ಕೊಟ್ಟ, ತಟ್ಟೆ ಇಟ್ಟ. ರೊಟ್ಟಿ ದುಂಡಗೆ ಬಂದಿತ್ತು, ಬಹುಶಃ ಮೊದಲ ಸಲ. ನಾನು ತಟ್ಟೆಯ ಮುಂದೆ ಕೂತೂ ಬ್ರೌಸರು, ಸರ್ವರು ಅಂತ ಗೊಣಗುತ್ತಿದ್ದೆ.

"ಮೊದ್ಲ ಉಣ್ಣು" ಅಂದ. "ಆ ನಿನ್ನ ಬ್ರೌಸರ್ ಎಲ್ಲೂ ಓಡಿ ಹೋಗೂದಿಲ್ಲ. ಓಡಾಕ ಬಂದಿದ್ರ ನೀ ಯಾಕ ಹಿಂಗ ಅಡ್ಡಾಡ್ತಿದ್ದಿ."

ಎಷ್ಟೋ ವಾರಗಳ ಮೇಲೆ ನಾವಿಬ್ಬರೂ ನಕ್ಕೆವು.

ಬೆಳಿಗ್ಗೆ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ನಾನು ಇಷ್ಟು ದಿನ ತಡವನ್ನು ಹುಡುಕಿದ್ದು ಸರ್ವರಿನಲ್ಲಿ, ಇಲ್ಲವೆ ಉತ್ತರ ಬಂದ ಮೇಲೆ ಪರದೆಯಲ್ಲಿ. ನಡುವಿನ ದಾರಿಯನ್ನು ನೋಡಿರಲೇ ಇಲ್ಲ. ಕೌಂಟರಿಗೆ ಹೋದವಳೇ ಆಫೀಸಿಗೆ ಫೋನು ಹಚ್ಚಿದೆ. ಶ್ರೀಧರ್ ಅಲ್ಲಿ ಸರ್ವರಿಗೆ ಏನೇನು ಬರುತ್ತಿದೆ ಎಂದು ಕಣ್ಣಿಟ್ಟು ಕೂತರು.

"ವನಜಾಕ್ಷಿಯವ್ರೆ, ಒತ್ತಿ" ಅಂದೆ. ಒತ್ತಿದರು. "ಸಾರ್, ಈಗ ಒತ್ತಿದ್ರು."

"ಇಲ್ಲೇನೂ ಬಂದಿಲ್ಲ."

"ಒತ್ತಿ ಆಯ್ತು ಸಾರ್, ಚಕ್ರ ತಿರುಗ್ತಾ ಇದೆ."

"ಬಂದಿಲ್ಲ ಅಂದ್ನಲ್ಲ ಶೈಲಾ. ಸರಿಯಾಗ್ ಒತ್ತಿದ್ರಾ ಕೇಳು."

ವನಜಾಕ್ಷಿಯವರು ಫೋನಿನ ಕಡೆ ನೋಡಿದ ನೋಟ ಶ್ರೀಧರ್ ಅವರಿಗೆ ಕಾಣಲಿಲ್ಲ, ಪುಣ್ಯ. ನಾವು ಕಾದೆವು. ಆಮೇಲೆ ಅತ್ತಲಿಂದ ದನಿ ಏರಿತು: "ಬಂತು! ಈಗ ಬಂತು. ಬಂದ ತಕ್ಷಣ ಉತ್ತರಾನೂ ಹೋಯ್ತು." ಅದೇ ಹೊತ್ತಿಗೆ ನಮ್ಮ ಪರದೆಯ ಮೇಲೆ ಪಟ್ಟಿ ತುಂಬಿತು.

ಅಂದರೆ ಸರ್ವರು ತಡ ಮಾಡುತ್ತಿರಲಿಲ್ಲ, ದಾರಿಯೂ ತಡ ಮಾಡುತ್ತಿರಲಿಲ್ಲ. ಇವರು ಒತ್ತಿದ ಕೋರಿಕೆ ಈ ಪೆಟ್ಟಿಗೆಯೊಳಗೇ ಎಲ್ಲೋ ನಿಂತು, ಹೊರಡುವುದಕ್ಕೇ ಕಾಯುತ್ತಿತ್ತು.

ಆಮೇಲಿನ ಕೆಲಸ ತಾಳ್ಮೆಯದು. ಪೇಜಿನ ಒಂದು ನಕಲು ಮಾಡಿಕೊಂಡು, ಊಟದ ಬಿಡುವಿನಲ್ಲಿ ಕೌಂಟರು ಖಾಲಿಯಾದಾಗ, ಅದರ ಒಂದೊಂದು ಭಾಗ ಕಿತ್ತು ಹಾಕಿ ಹುಡುಕುತ್ತ ಹೋದೆ. ಮೇಲಿನ ಚಿತ್ರ ತೆಗೆದೆ, ಏನೂ ಇಲ್ಲ. ಬಣ್ಣ ತೆಗೆದೆ, ಏನೂ ಇಲ್ಲ. ಕೆಳಗೆ ಒಂದು ಪಟ್ಟಿ ಓಡುತ್ತಿತ್ತು. ಅಂದು ರಕ್ತ ಕೊಟ್ಟವರ ಹೆಸರುಗಳು, ಕೊಟ್ಟ ಕೂಡಲೇ ಬಂದು ಸೇರಿಕೊಳ್ಳುವಂಥವು. ಕೌಂಟರಿನ ಪಕ್ಕದ ಟಿವಿಯಲ್ಲೂ ಅದೇ ಓಡುತ್ತಿತ್ತು. ಅದನ್ನು ತೆಗೆದು ಒತ್ತಿದೆ. ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು. ನಂಬದೆ ಪಟ್ಟಿಯನ್ನು ವಾಪಸ್ ಹಾಕಿದೆ. ಚಕ್ರ. ತೆಗೆದೆ. ಉತ್ತರ.

ಕಾರಣ ಪೂರ್ತಿ ತಿಳಿದದ್ದು ಎಲ್ಲೋ ದೂರದೇಶದ ಪ್ರೋಗ್ರಾಮರುಗಳು ಇದೇ ಗೋಳನ್ನು ತೋಡಿಕೊಂಡಿದ್ದ ಒಂದು ಚರ್ಚೆಯನ್ನು ಓದಿದ ಮೇಲೆ. ಆ ಹಳೆಯ ಬ್ರೌಸರು ಒಂದು ವಿಳಾಸದ ಜೊತೆ ಒಮ್ಮೆಗೆ ಎರಡೇ ಮಾತುಕತೆ ನಡೆಸುತ್ತದೆ. ಮೂರನೆಯದು ಕಾಯಬೇಕು. ಅದು ಅದರ ದೋಷವೂ ಅಲ್ಲ. ಸರ್ವರುಗಳು ಬಡವಾಗಿದ್ದ ಕಾಲದಲ್ಲಿ ಅವಕ್ಕೆ ಹೊರೆಯಾಗದಿರಲಿ ಎಂದು ಹಿರಿಯರು ಮಾಡಿಟ್ಟ ನಿಯಮ. ಇದು ಪಾಪ, ಚಾಚೂ ತಪ್ಪದೆ ಪಾಲಿಸುತ್ತಿತ್ತು. ನಮ್ಮ ಆಫೀಸಿನಲ್ಲಿದ್ದ ಹೊಸ ಬ್ರೌಸರು ಆ ಮಿತಿಯನ್ನು ಏರಿಸಿಕೊಂಡಿತ್ತು, ಅದಕ್ಕೇ ನಮಗೆ ಏನೂ ಕಾಣಿಸುತ್ತಿರಲಿಲ್ಲ.

ವನಜಾಕ್ಷಿಯವರಿಗೆ ಹೇಗೆ ಹೇಳುವುದು ಅಂತ ಯೋಚಿಸಿ, "ನಿಮ್ಮ ಬೂತಲ್ಲಿ ಎರಡೇ ಲೈನ್ ಇದ್ವು ಅಂತ ಇಟ್ಕೊಳಿ" ಅಂದೆ. "ಒಂದರಲ್ಲಿ ಈ ಹೆಸರಿನ ಪಟ್ಟಿ ಸರ್ವರಿಗೆ ಫೋನ್ ಮಾಡಿ, ಹೊಸ ಹೆಸರು ಬಂತಾ ಅಂತ ಕೇಳಿ, ಉತ್ತರ ಬರೋ ತನಕ ರಿಸೀವರ್ ಹಿಡಿದು ನಿಂತಿರತ್ತೆ. ಇನ್ನೊಂದರಲ್ಲಿ ಮೇಲಿನ ಈ ಸೂಚನೆ ಡಬ್ಬಿ, ಹೊಸ ಸೂಚನೆ ಬಂತಾ ಅಂತ ಅದೂ ಹಿಡಿದು ನಿಂತಿರತ್ತೆ."

"ಎರಡೂ ಎಂಗೇಜು" ಅಂದರು.

"ಹೂಂ. ಇಬ್ಬರಲ್ಲಿ ಒಬ್ರಿಗೆ ಸಾಕಾಗಿ ಫೋನ್ ಇಟ್ಟಾಗ ನಿಮ್ ಕೋರಿಕೆಗೆ ಜಾಗ ಸಿಗತ್ತೆ."

ಅವರು ಬಹಳ ಹೊತ್ತು ಆ ಪಟ್ಟಿಯನ್ನೇ ನೋಡಿದರು. ಹೆಸರುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. "ಅಂದ್ರೆ ನಾನ್ ಒತ್ತಿದ್ದು ಸರಿ ಇತ್ತು" ಅಂದರು, ನನಗೆ ಅಲ್ಲ, ಸುಮ್ಮನೆ.

ಕಾರಣ ಸಿಕ್ಕಿತು, ಆದರೆ ಕೆಲಸ ಮುಗಿಯಲಿಲ್ಲ. ಆ ಪಟ್ಟಿ ರಕ್ತನಿಧಿಯ ಸೆಕ್ರೆಟರಿ ಪಿಳ್ಳಪ್ಪನವರ ಆಸೆಯದು. ಅದಕ್ಕೆ ಜಾಗ ಕೊಟ್ಟವರೂ ಅವರೇ. "ಅದನ್ನ ಮುಟ್ಟೋ ಮಾತೇ ಇಲ್ಲ" ಅಂದರು ರಘುನಾಥ್. ಶ್ರೀಧರ್ ಕೂಡ ತಲೆ ಹಿಡಿದುಕೊಂಡರು: "ಇರೋದು ಒಂದೇ ಕ್ಲೈಂಟು ಶೈಲಾ. ಸೆಕ್ರೆಟರಿ ಹತ್ರ ಹೋಗಿ ನಿಮ್ ಪಟ್ಟಿನೇ ತಪ್ಪು ಅನ್ನೋಕಾಗತ್ತಾ?" ಹೀಗೆ ಇವರು ಅವರನ್ನು, ಅವರು ಇವರನ್ನು ತೋರಿಸುತ್ತ ದಿನಗಳು ಹೋದವು. ಸೆಕ್ರೆಟರಿಯವರು ಊರಲ್ಲಿಲ್ಲ, ತಿರುಪತಿಗೆ ಹೋಗಿದ್ದಾರೆ, ಬಂದ ಮೇಲೆ ನೋಡೋಣ. ತಿಂಗಳು ಮುಗಿಯಿತು. ವನಜಾಕ್ಷಿಯವರು ತಮ್ಮ ನೀರಿನ ಬಾಟಲಿ, ಕನ್ನಡಕದ ಡಬ್ಬಿ, ಮೇಜಿನ ಮೇಲಿದ್ದ ಸಣ್ಣ ಗಣೇಶನನ್ನು ಚೀಲಕ್ಕೆ ಹಾಕಿಕೊಂಡು, "ಬರ್ತೀನಿ ಮೇಡಂ" ಅಂದು ಹೋದರು. ಹೋಗುವಾಗ ಮಳೆ ಇರಲಿಲ್ಲ. ಅಷ್ಟಾದರೂ ಆಯಿತಲ್ಲ ಅಂದುಕೊಂಡೆ.

ಯಾರನ್ನೂ ಕೇಳದೆ ಮರುದಿನ ನಾನೇ ಪಿಳ್ಳಪ್ಪನವರ ಮನೆಗೆ ಹೋದೆ. ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳ ನಡುವೆ ಹಳೆಯ ಊರಿನ ಒಂದು ತುಂಡು ಹಾಗೇ ಉಳಿದುಕೊಂಡಿದೆ. ಓಣಿ, ಅರಳಿಕಟ್ಟೆ, ಹಸು. ಅವರ ಅಪ್ಪನ ಕಾಲಕ್ಕೆ ಅಲ್ಲೆಲ್ಲ ರಾಗಿ ಹೊಲ, ಸೊಪ್ಪಿನ ಮಡಿ. ಈಗ ಬಾಡಿಗೆ ಮನೆಗಳು. ಪಿಳ್ಳಪ್ಪನವರು ಪಂಚೆ ಮೇಲೆತ್ತಿ ಕಟ್ಟಿಕೊಂಡು ಅಂಗಳದಲ್ಲಿ ಹಸುವಿಗೆ ನೀರು ಇಡುತ್ತಿದ್ದರು. ತಿರುಪತಿಯಿಂದ ಬಂದು ಆಗಲೇ ವಾರವಾಗಿತ್ತಂತೆ.

ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಆಮೇಲೆ, "ಆ ಹೆಸರು ಯಾಕೆ ಓಡಿಸ್ತೀವಿ ಗೊತ್ತಾ ತಾಯಿ?" ಅಂದರು. "ಫ್ಯಾಕ್ಟ್ರಿ ಹುಡುಗ್ರು ರಕ್ತ ಕೊಡಕ್ ಬರ್ತಾರೆ. ಬಿಸ್ಕತ್ತು ತಿಂತಾ ಆ ಟಿವಿ ಮುಂದೆ ನಿಂತ್ಕೊಂಡು ತಮ್ ಹೆಸ್ರು ಬರೋದನ್ನೇ ಕಾಯ್ತಾರೆ. ಬಂದ್ರೆ ಫೋಟೋ ಹೊಡ್ಕೊಂಡು ಇನ್ನಿಬ್ರಿಗೆ ತೋರಿಸ್ತಾರೆ. ಆ ಇನ್ನಿಬ್ರು ಮುಂದಿನ್ ವಾರ ಬರ್ತಾರೆ. ಹೆಸ್ರು ನಿಲ್ಸಿದ್ರೆ ರಕ್ತ ಎಲ್ಲಿಂದ ಬರತ್ತೆ?"

ಅದು ನನಗೆ ಹೊಳೆದೇ ಇರಲಿಲ್ಲ. ನಾನು ಅದನ್ನು ದೊಡ್ಡವರ ಷೋಕಿ ಅಂದುಕೊಂಡು ಬಂದಿದ್ದೆ.

"ನಿಲ್ಲಿಸೋದು ಬೇಡ ಸಾರ್" ಅಂದೆ. "ಅದಕ್ಕೆ ಬೇರೆ ವಿಳಾಸ ಕೊಡೋಣ. ಬೇರೆ ವಿಳಾಸ ಆದ್ರೆ ಬ್ರೌಸರ್ ಅದನ್ನ ಬೇರೆ ಮನೆ ಅಂತ ತಿಳ್ಕೊಳತ್ತೆ, ಬೇರೆ ಲೈನ್ ಕೊಡತ್ತೆ. ಇಲ್ಲಿನ ಲೈನ್ ಹುಡುಕೋರಿಗೆ ಬಿಡುವಾಗತ್ತೆ."

"ಹೆಸ್ರೂ ಓಡ್ಬೇಕು, ರಕ್ತಾನೂ ಸಿಗ್ಬೇಕು. ಎರಡೂ ಆಗತ್ತಾ?"

"ಆಗತ್ತೆ."

"ಮತ್ತೆ ಇಷ್ಟು ದಿನ ಯಾಕ್ ಹೇಳ್ಲಿಲ್ಲ ನನಗೆ?" ಅಂದು ಅಲ್ಲೇ ನಿಂತು ರಘುನಾಥ್ ಅವರಿಗೆ ಫೋನು ಮಾಡಿದರು.

ಕೆಲಸಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಟ್ಟಿಗೆ ಹೊಸ ವಿಳಾಸ ಕೊಟ್ಟು, ಅದನ್ನು ಪೇಜಿನೊಳಗೆ ಪ್ರತ್ಯೇಕ ಚೌಕಟ್ಟಿನಲ್ಲಿ ಕೂರಿಸಿದೆ. ಸೂಚನೆಯ ಡಬ್ಬಿ ಇನ್ನು ಮುಂದೆ ರಿಸೀವರ್ ಹಿಡಿದು ನಿಲ್ಲದೆ, ಆಗಾಗ ಕೇಳಿ ಕೆಳಗಿಡುವಂತೆ ಮಾಡಿದೆ. ಕೌಂಟರಿಗೆ ಹೊಸದಾಗಿ ಬಂದಿದ್ದ ಅರ್ಚನಾ ಅನ್ನುವ ಹುಡುಗಿ ಒತ್ತಿದಳು. ಉತ್ತರ ಬಂತು. ಮತ್ತೆ ಒತ್ತಿದಳು, ಮತ್ತೆ ಬಂತು. ಸಾಲು ಕರಗುತ್ತ ಹೋಯಿತು. ನನಗೆ ಸಂತೋಷವಾಗಬೇಕಿತ್ತು. ಗೋಡೆಗೆ ಒರಗಿ, ಮೇಜಿನ ಮೇಲೆ ಗಣೇಶ ಇದ್ದ ಖಾಲಿ ಜಾಗ ನೋಡುತ್ತ ನಿಂತೆ.

ಎರಡು ದಿನದ ಮೇಲೆ ಕಾರಿಡಾರಿನಲ್ಲಿ ಇಬ್ಬರು ನರ್ಸುಗಳು ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು. "ಹೊಸ ಹುಡುಗಿ ಸಖತ್ ಫಾಸ್ಟ್ ಅಲ್ವಾ? ಆ ಯಮ್ಮ ಇದ್ದಾಗ ಎಷ್ಟ್ ಕಾಯಿಸ್ತಿತ್ತು." ರಘುನಾಥ್ ಕೂಡ ಎಲ್ಲರ ಮುಂದೆ ಅದನ್ನೇ ಹೇಳುತ್ತಿದ್ದರು. ನಾನು ಹೋಗಿ, ಸಾರ್, ಅದು ಹಾಗಲ್ಲ ಅಂದೆ. "ಬಿಡಿ ಮೇಡಂ, ಈಗ ಸರಿ ಹೋಯ್ತಲ್ಲ" ಅಂದರು. ಅರ್ಚನಾ ಮಾತ್ರ ಮುಜುಗರದಿಂದ, "ಮೇಡಂ, ನಾನೇನೂ ಮಾಡಿಲ್ಲ, ಅವರ್ಗೆ ಹೇಳಿ" ಅಂದಳು.

ಶನಿವಾರ ಪಿಳ್ಳಪ್ಪನವರು ಬಂದಾಗ ನಾನು ಅವರನ್ನೂ ರಘುನಾಥ್ ಅವರನ್ನೂ ಕೌಂಟರಿನ ಹಿಂದೆ ಕರೆದೆ. ಜನ ಇಲ್ಲದ ಹೊತ್ತು. ಹಳೆಯ ಪೇಜನ್ನು ಅದೇ ಕಂಪ್ಯೂಟರಿನಲ್ಲಿ ತೆರೆದು, ಅರ್ಚನಾಗೆ ಒತ್ತಲು ಹೇಳಿದೆ. ಸಖತ್ ಫಾಸ್ಟ್ ಹುಡುಗಿ ಒತ್ತಿದಳು. ಚಕ್ರ ತಿರುಗತೊಡಗಿತು. ರಘುನಾಥ್ ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಕಿಟಕಿ ನೋಡಿದರು. ನಾನು ಹೊಸ ಪೇಜು ತೆರೆದೆ. ಅರ್ಚನಾ ಒತ್ತಿದಳು. ಬಂತು.

ಪಿಳ್ಳಪ್ಪನವರು ಮ್ಯಾನೇಜರರ ಕಡೆ ತಿರುಗಿ, "ಹಂಗಾದ್ರೆ ಆ ಯಮ್ಮನ್ನ ಯಾಕಪ್ಪಾ ಕಳಿಸಿದ್ರಿ?" ಅಂದರು. ರಘುನಾಥ್ ಮೇಜಿನ ಮೇಲಿನ ಚೀಟಿಗಳನ್ನು ಜೋಡಿಸತೊಡಗಿದರು. ಪಿಳ್ಳಪ್ಪನವರು ನನಗೆ ಹೇಳಿದರು: "ನೀವೇ ಹೋಗಿ ಬನ್ನಿ ತಾಯಿ. ವಾಪಸ್ ಬನ್ನಿ ಅಂತ ನಾನ್ ಹೇಳ್ದೆ ಅನ್ನಿ."

ಭಾನುವಾರ ಕನಕಪುರ ರಸ್ತೆಯ ಬಸ್ಸು ಹಿಡಿದು ತಲಘಟ್ಟಪುರಕ್ಕೆ ಹೋದೆ. ವಿರೂಪಾಕ್ಷನೂ ಬರುತ್ತೇನೆ ಅಂದಿದ್ದ, ಆದರೆ ಮಾರನೆಯ ದಿನ ಅವನಿಗೊಂದು ಗೋದಾಮಿನ ಕಂಪನಿಯಲ್ಲಿ ಸಂದರ್ಶನ ಇತ್ತು, ಅಂಗಿ ಇಸ್ತ್ರಿ ಮಾಡುತ್ತ ಉಳಿದ. ಆ ಕೆಲಸ ಅವನಿಗೆ ಆಯಿತು. ನಮ್ಮ ಆಫೀಸು ಮಾತ್ರ ಮುಂದಿನ ಬೇಸಿಗೆಗೆ ಮುಚ್ಚಿತು.

ವನಜಾಕ್ಷಿಯವರ ಮನೆ ರಸ್ತೆಯಿಂದ ಒಳಗೆ, ಹೊಸ ಸೈಟುಗಳ ನಡುವೆ. ಅವರು ಬಾಗಿಲಲ್ಲೇ ಕೂತು ಅಲಸಂದೆಕಾಳು ಬಿಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದರು, ನೀರು ಕೊಟ್ಟರು, ಕೂರಿಸಿದರು. ನಾನು ಎಲ್ಲ ಹೇಳಿದೆ. ಪಟ್ಟಿಯ ಹೊಸ ವಿಳಾಸ, ಅರ್ಚನಾ ಒತ್ತಿದ್ದು, ಸೆಕ್ರೆಟರಿ ಕೇಳಿದ ಪ್ರಶ್ನೆ, ಮ್ಯಾನೇಜರ್ ಚೀಟಿ ಜೋಡಿಸತೊಡಗಿದ್ದು.

"ವಾಪಸ್ ಬನ್ನಿ ಅಂದಿದ್ದಾರೆ" ಅಂದೆ.

ಅವರು ತಲೆ ಆಡಿಸಿದರು. "ಇಲ್ಲ ಮೇಡಂ. ಇಲ್ಲೇ ಒಂದ್ ಸ್ಕೂಲಲ್ಲಿ ಫೋನ್ ನೋಡ್ಕೊಳಕ್ಕೆ ಕರ್ದಿದ್ದಾರೆ. ನಡ್ಕೊಂಡ್ ಹೋಗಿ ಬರೋ ದೂರ. ಅಲ್ಲಿಗೆ ಮತ್ತೆ ಹೋಗಿ ಅವರ ಮುಖ ನೋಡೋಷ್ಟು ಶಕ್ತಿ ಇಲ್ಲ ನನಗೆ. ಸುಸ್ತಾಗೋಗಿದೆ."

ನನಗೂ ಸುಸ್ತಾಗಿತ್ತು. ಅವರ ಮೊರದಿಂದ ಒಂದು ಹಿಡಿ ಕಾಯಿ ಎತ್ತಿಕೊಂಡು ನಾನೂ ಬಿಡಿಸತೊಡಗಿದೆ. ಆಮೇಲೆ ಅವರು ಒಳಗೆ ತಿರುಗಿ ಕರೆದರು: "ರೀ, ಬನ್ನಿ ಇಲ್ಲಿ. ಲೇ ಸೌಮ್ಯಾ, ಆ ಟಿವಿ ಆರಿಸಿ ನೀನೂ ಬಾ."

ಗಂಡ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಳ್ಳುತ್ತ ಬಂದರು. ಕಾಲೇಜಿಗೆ ಹೋಗುವ ಮಗಳು ಬಾಗಿಲಿಗೆ ಒರಗಿ ನಿಂತಳು.

"ಈಗ ಹೇಳಿದ್ರಲ್ಲ, ಅದನ್ನ ಇವರ ಮುಂದೆ ಇನ್ನೊಂದ್ ಸಲ ಹೇಳಿ" ಅಂದರು ವನಜಾಕ್ಷಿ. "ಅಮ್ಮಂಗೆ ಕಂಪ್ಯೂಟರ್ ಬರಲ್ಲ, ಅದಕ್ಕೇ ತೆಗೆದಾಕಿದ್ರು ಅಂತ ಇವಳು ಫ್ರೆಂಡ್ಸಿಗೆಲ್ಲ ಹೇಳ್ತಾಳೆ. ಇವ್ರು ಬಾಯ್ಬಿಟ್ ಹೇಳಲ್ಲ, ಅಷ್ಟೇ."

ಮಗಳು ನೆಲ ನೋಡಿದಳು. ನಾನು ಕೈಯಲ್ಲಿದ್ದ ಸಿಪ್ಪೆ ಕೆಳಗಿಟ್ಟು ಮೊದಲಿಂದ ಹೇಳಿದೆ. ನಿಮ್ಮ ತಾಯಿ ಒತ್ತಿದ್ದು ಸರಿ ಇತ್ತು, ಪ್ರತಿ ಸಲವೂ ಸರಿ ಇತ್ತು. ತಪ್ಪು ನಾವು ಮಾಡಿದ ಪೇಜಿನದು, ಅದನ್ನು ಎಲ್ಲರ ಮುಂದೆ ತೋರಿಸಿ ಬಂದಿದ್ದೇನೆ. ಗಂಡ ಹೂಂ, ಹೂಂ ಅನ್ನುತ್ತ ಕೇಳಿ, ಕೊನೆಗೆ ಹೆಂಡತಿಯ ಕಡೆ ನೋಡಿ, "ಮತ್ತೆ ಅದನ್ನ ಆವತ್ತೇ ಹೇಳ್ಬಾರ್ದಿತ್ತಾ" ಅಂದರು.

"ಹೇಳಿದ್ನಲ್ಲ" ಅಂದರು ವನಜಾಕ್ಷಿ. "ಆವತ್ತೂ ಹೇಳ್ದೆ, ಮಾರನೇ ದಿನಾನೂ ಹೇಳ್ದೆ."

ಪಕ್ಕದ ಮನೆಯ ಅಜ್ಜಿಯೊಬ್ಬರು ಕಾಂಪೌಂಡಿನ ಆಚೆ ಬಟ್ಟೆ ಒಣಗಿಸುತ್ತ, ಯಾರು ಬಂದಿದ್ದಾರೆ ಅಂತ ಇಣುಕಿದರು. ವನಜಾಕ್ಷಿಯವರು ಮೊರ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು ನನ್ನ ಮೊಣಕೈ ಹಿಡಿದು ಎಬ್ಬಿಸಿದರು.

"ಬನ್ನಿ, ಅವರಿಗೂ ಹೇಳಿ. ಸ್ವಲ್ಪ ಜೋರಾಗ್ ಹೇಳಿ ಮೇಡಂ, ಕಿವಿ ಮಂದ."

ನಾನು ಕಾಂಪೌಂಡಿನ ಹತ್ತಿರ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು, ಜೋರಾಗಿ ಹೇಳಿದೆ.